ಬ್ಯಾಗು ಕಾಯುವವರ ಬೆಂಚು

ನನಗೆ ಜೈಂಟ್ ವೀಲ್ ಎಂದರೆ ಭಯ. ಹತ್ತುವುದಿರಲಿ, ಪಕ್ಕದಲ್ಲಿ ನಿಂತು ತಲೆಯೆತ್ತಿ ನೋಡುವ ಧೈರ್ಯವೂ ಇಲ್ಲ. ಆದರೆ ಈ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ಗುಟ್ಟು ಕಾಪಾಡಿಕೊಂಡು ಬಂದದ್ದು ಒಂದೇ ಒಂದು ಮಾತಿನ ಬಲದಿಂದ: "ನೀವೆಲ್ಲ ಹೋಗ್ಬನ್ನಿ, ಬ್ಯಾಗು ನಾನು ನೋಡ್ಕೋತೀನಿ." ಇಷ್ಟು ಹೇಳಿ ಬೆಂಚಿನ ಮೇಲೆ ಕೂತುಬಿಟ್ಟರೆ ಆಯಿತು. ಭಯವೂ ಮುಚ್ಚಿಹೋಗುತ್ತದೆ, ತ್ಯಾಗಮಯಿ ಎಂಬ ಬಿರುದೂ ಪುಕ್ಕಟೆಯಾಗಿ ಸಿಗುತ್ತದೆ.

ನಿಮ್ಮ ಮನೆಯಲ್ಲೂ ಬ್ಯಾಗು ಕಾಯುವವರೊಬ್ಬರು ಇದ್ದೇ ಇರುತ್ತಾರೆ. ಹಳೆಯ ಪ್ರವಾಸದ ಫೋಟೋಗಳನ್ನು ತೆಗೆದು ನೋಡಿ. ಯಾವ ಫೋಟೋದಲ್ಲೂ ಇಲ್ಲದವರು, ಇದ್ದರೂ ಮೂಲೆಯಲ್ಲಿ ಎರಡು ಹೆಗಲಿಗೂ ಬ್ಯಾಗು ನೇತುಹಾಕಿಕೊಂಡು, ಬೇರೆಯವರ ಚಪ್ಪಲಿಗಳನ್ನು ಕಾಲ ಬಳಿ ಜೋಡಿಸಿಕೊಂಡು ನಿಂತವರು ಯಾರೋ ಅವರೇ. ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಹೋದ ದಿನ ನಮ್ಮವರೆಲ್ಲ ಹುಲಿ ನೋಡಿದರು. ನಾನು ನಮ್ಮ ತಿಂಡಿಯ ಬುಟ್ಟಿಯನ್ನೇ ನೋಡುತ್ತಿದ್ದ ಒಂದು ಕೋತಿಯನ್ನು ನೋಡಿದೆ. ಹುಲಿ ಬಹಳ ಚೆನ್ನಾಗಿತ್ತಂತೆ.

ವೃತ್ತಿಯಿಂದ ನಾನು ಮೇಡಂ. ನಿವೃತ್ತಿಯಾಗುವ ತನಕ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡಿದವಳು. ಯೋಜನೆ, ಸಂಘಟನೆ, ನೇಮಕ, ನಿರ್ದೇಶನ, ನಿಯಂತ್ರಣ ಎಂದು ಬೋರ್ಡಿನ ಮೇಲೆ ಗುಂಡಗೆ ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದು, ಕೊನೆಯ ಬಾಣ ಮತ್ತೆ ಯೋಜನೆಗೇ ಬಂದು ಮುಟ್ಟುವಂತೆ ಮಾಡಿ, ಕೈಗಂಟಿದ ಸೀಮೆಸುಣ್ಣ ಕೊಡವಿಕೊಳ್ಳುತ್ತಿದ್ದೆ. ಮಕ್ಕಳು ನಂಬಿ ಬರೆದುಕೊಳ್ಳುತ್ತಿದ್ದರು. ಈಗ ಅನ್ನಿಸುತ್ತದೆ, ಅವರನ್ನೆಲ್ಲ ಒಂದು ದಿನ ಯಾವುದಾದರೂ ಅಮ್ಯೂಸ್‌ಮೆಂಟ್ ಪಾರ್ಕಿನ ಬೆಂಚಿನ ಮೇಲೆ ಕೈಗೊಂದು ಬ್ಯಾಗು ಕೊಟ್ಟು ಕೂರಿಸಬೇಕಿತ್ತು. ಆಟ ಆಡುವವರಿಗೆ ಪಾರ್ಕಿನ ಆಡಳಿತ ಕಾಣುವುದಿಲ್ಲ, ಅವರು ಕಿರುಚುವುದರಲ್ಲಿ ಮಗ್ನರಾಗಿರುತ್ತಾರೆ. ಬೆಂಚಿನ ಮೇಲೆ ಕೂತವರಿಗೆ ಎಲ್ಲವೂ ಕಾಣುತ್ತದೆ. ಬೆಂಚಿಗೆ ನೆರಳಿದೆಯೇ? ಕೂತಲ್ಲಿಂದ ನಮ್ಮ ಮಕ್ಕಳು ಕಾಣುತ್ತಾರೆಯೇ, ಇಲ್ಲ ಐಸ್‌ಕ್ರೀಮ್ ಅಂಗಡಿಯ ಹಿಂಭಾಗವೇ? ಶೌಚಾಲಯ ಎಷ್ಟು ದೂರ? ಇಷ್ಟಕ್ಕೆ ಉತ್ತರ ಸಿಕ್ಕರೆ ಆ ಕಂಪನಿಯ ದೊಡ್ಡವರು ಎಂಥವರೆಂದು ಅವರ ಮುಖ ನೋಡದೆಯೇ ಹೇಳಬಲ್ಲೆ.

ನಮ್ಮಲ್ಲೂ ಒಂದು ಪಾರ್ಕಿದೆ, ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಿಂದ ತುಸು ಒಳಗೆ. ಮೊದಲು ಅದು ಗುಂಡಣ್ಣ ಎಂಬುವರದು. ಕುಂಸಿ ಕಡೆಯ ಜಮೀನುದಾರರು. ಊರೂರು ಸುತ್ತುವ ತಂಡವೊಂದು ಮಾರಿಹೋದ ಜೈಂಟ್ ವೀಲ್ ಕೊಂಡು ತಂದು ನೆಟ್ಟು, ಪಕ್ಕದಲ್ಲಿ ಒಂದು ಕೊಳ ತೋಡಿಸಿ, ಬೋರ್ಡು ಹಾಕಿದರು. ಅವರ ಆಡಳಿತ ಎಂದರೆ ಒಂದು ಮೈಕು. ಬೆಳಗಿನಿಂದ ಸಂಜೆಯ ತನಕ ಅದನ್ನು ಹಿಡಿದು ಕೂತಿರುತ್ತಿದ್ದರು. "ಹಸಿರು ಸೀರೆ ಅಮ್ಮಾ, ನಿಮ್ಮ ಮಗ ಕೊಳದ ಕಡೆ ಹೊರಟ, ಹಿಡ್ಕೊಳ್ಳಿ." "ವಿನೋಬನಗರದ ಮೇಷ್ಟ್ರು ಬಂದಿದ್ದಾರೆ, ಕುರ್ಚಿ ಕೊಡ್ರೋ." ಕರೆಂಟು ಹೋಗಿ ಜೈಂಟ್ ವೀಲ್ ನಿಂತು, ತುದಿಯಲ್ಲಿ ಸಿಕ್ಕಿಕೊಂಡವರು ಬೊಬ್ಬೆ ಹಾಕತೊಡಗಿದರೆ, "ಹೆದರ್ಬೇಡಿ, ಕರೆಂಟ್ ಹೋಗಿದೆ ಅಷ್ಟೇ. ಮೇಲೆ ಗಾಳಿ ಚೆನ್ನಾಗಿರುತ್ತೆ, ತಗೊಳ್ಳಿ. ಅದಕ್ಕೆ ಬೇರೆ ದುಡ್ಡು ಕೇಳಲ್ಲ" ಎನ್ನುತ್ತಿದ್ದರು. ಮೇಲಿದ್ದವರೂ ಬೊಬ್ಬೆ ನಿಲ್ಲಿಸಿ ನಗುತ್ತಿದ್ದರು.

ಗುಂಡಣ್ಣನವರಿಗೆ ವಯಸ್ಸಾದ ಮೇಲೆ, ಊರೂರಲ್ಲಿ ಪಾರ್ಕುಗಳಿರುವ ದೊಡ್ಡ ಕಂಪನಿಯೊಂದು ಅದನ್ನು ಕೊಂಡಿತು. ಹೊಸ ಹೆಸರು ಇಂಗ್ಲಿಷಿನಲ್ಲಿ ಉದ್ದಕ್ಕಿದೆ. ನಮ್ಮವರ ಬಾಯಲ್ಲಿ ಮಾತ್ರ ಇಂದಿಗೂ ಗುಂಡಣ್ಣನ ಪಾರ್ಕೇ. ಇಲ್ಲಿಂದ ಮುಂದೆ ಕಂಪನಿಯನ್ನು ಬೈದು ಗುಂಡಣ್ಣನವರನ್ನು ಹೊಗಳಿಕೊಂಡು ಹೋಗುವುದು ನನಗೆ ಬಹಳ ಸುಲಭ. ಆದರೆ ಬೆಂಚಿನ ಮೇಲೆ ಕೂತವಳು ಸುಳ್ಳು ಹೇಳಬಾರದು. ಗುಂಡಣ್ಣನವರ ಕಾಲದಲ್ಲಿ ಹೆಂಗಸರಿಗೆ ಇದ್ದದ್ದು ಒಂದೇ ಶೌಚಾಲಯ, ಅದಕ್ಕೆ ಚಿಲಕದ ಬದಲು ಒಂದು ಹುರಿ. ನಮ್ಮ ಸರೋಜ ಚಿಕ್ಕಮ್ಮ ಅಲ್ಲಿಗೆ ಹೋಗುವ ದಿನ ಬೆಳಗಿನಿಂದ ಗುಟುಕು ನೀರು ಕುಡಿಯುತ್ತಿರಲಿಲ್ಲ. ಈಗ ಶೌಚಾಲಯ ಫಳಫಳ ಹೊಳೆಯುತ್ತದೆ. ಬೆಂಚುಗಳೆಲ್ಲ ನೆರಳಿನಲ್ಲಿವೆ, ಅದೂ ಜೈಂಟ್ ವೀಲ್ ಮತ್ತು ಕೊಳ ಎರಡೂ ಕಾಣುವ ಹಾಗೆ. ಕರೆಂಟು ಹೋದರೆ ಜನರೇಟರ್ ತಾನಾಗಿ ಶುರುವಾಗುತ್ತದೆ. ಹಳೆಯ ಕೊಳವನ್ನು ಅಗಲಿಸಿ, ಯಂತ್ರದಿಂದ ಸಮುದ್ರದಂತೆ ಅಲೆ ಏಳಿಸುತ್ತಾರೆ.

ಇನ್ನು ಕಂಪನಿಯ ಗ್ರಹಚಾರ ಏನೆಂದರೆ, ಅಲ್ಲಿ ಎಲ್ಲವೂ ಎಲ್ಲ ಊರಿಗೂ ಒಂದೇ. ಕೆಲಸದವರೆಲ್ಲ ಎದೆಯ ಮೇಲೆ ಕೈಯಿಟ್ಟು "ನಿಮ್ಮ ದಿನ ಆನಂದಮಯವಾಗಿರಲಿ" ಎನ್ನಬೇಕೆಂದು ಹೆಡ್ ಆಫೀಸಿನಲ್ಲಿ ಯಾರೋ ತೀರ್ಮಾನಿಸಿದ್ದಾರೆ. ಮೊದಲ ಸಲ ಹೋದಾಗ ಗೇಟಿನಲ್ಲಿ ನನ್ನ ಪುಳಿಯೋಗರೆಯ ಡಬ್ಬಿ ಕಿತ್ತಿಟ್ಟುಕೊಂಡವನೂ ಎದೆಯ ಮೇಲೆ ಕೈಯಿಟ್ಟು ಹಾಗೆಯೇ ಹೇಳಿದ. ಹೊಸದಾಗಿ ಬಂದ ಇನ್ನೊಂದು ಯೋಜನೆ ಹಿರಿಯ ನಾಗರಿಕರ ಬುಧವಾರ. ಅರವತ್ತೈದು ದಾಟಿದವರಿಗೆ ಅರ್ಧ ಟಿಕೆಟ್ಟು. ಒಳಗೆ ಹೋಗಿ ನೋಡಿದರೆ ಒಂದೊಂದು ಆಟದ ಮುಂದೂ ಅರವತ್ತೈದು ದಾಟಿದವರಿಗೆ ಪ್ರವೇಶವಿಲ್ಲ ಎಂಬ ಬೋರ್ಡು. ಕೊಳದ ಅಂಚಿನಲ್ಲಿ ಮೊಣಕಾಲುದ್ದದ ನೀರಿಗೆ ಮಾತ್ರ ವಯಸ್ಸಿನ ಮಿತಿಯಿಲ್ಲ. ಆದರೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು ಬುಧವಾರ ಬಂತೆಂದರೆ ಗುಂಪುಗುಂಪಾಗಿ ಬಂದು, ಪ್ಯಾಂಟು ಮಡಚಿಕೊಂಡು, ಕಾಲು ಇಳಿಬಿಟ್ಟು ಹರಟುತ್ತಾರೆ. ಅವರಿಗೆ ಅದೇ ಆನಂದಮಯ.

ಆ ಗುಂಪಿನಲ್ಲಿ ನಮ್ಮ ರುದ್ರಪ್ಪ ಚಿಕ್ಕಪ್ಪನೂ ಒಬ್ಬರು. ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು. ಸೈರನ್ ಆದೊಡನೆ ಏಣಿ ಹತ್ತಿ ಸೂರಿನ ಹತ್ತಿರದ ಕ್ಯಾಬಿನ್ನಿನಲ್ಲಿ ಕೂತರೆ, ಇನ್ನೊಂದು ಸೈರನ್ ಆಗುವ ತನಕ ಅವರಿಗೆ ಲೋಕವೆಲ್ಲ ಕಾಲ ಕೆಳಗೆ. ಅವರ ಹೆಂಡತಿ ಸರೋಜ ಚಿಕ್ಕಮ್ಮ ಬ್ಯಾಗು ಕಾಯುವ ವಿದ್ಯೆಯಲ್ಲಿ ನನ್ನ ಗುರು. ಒಂದೇ ವ್ಯತ್ಯಾಸ: ನಾನು ಭಯಕ್ಕೆ ಕೂತವಳು, ಅವರು "ನೀನೂ ಬರ್ತೀಯಾ?" ಎಂದು ಯಾರೂ ಕೇಳಲಿಲ್ಲವಾದ್ದರಿಂದ ಕೂತವರು. ಮಕ್ಕಳು ಆಡುವಾಗಲೂ ಕೂತರು, ಮೊಮ್ಮಕ್ಕಳು ಆಡುವಾಗಲೂ ಕೂತರು.

ಹೀಗಿದ್ದ ಚಿಕ್ಕಮ್ಮ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬದಲಾದರು. ಎಪ್ಪತ್ತು ದಾಟಿದ ಮೇಲೆ ಎಲ್ಲವೂ ನಿಚ್ಚಳವಾಗಿ ಕಾಣತೊಡಗಿ, ಕಂಡದ್ದನ್ನೆಲ್ಲ ನೋಡಬೇಕೆಂಬ ಹುಮ್ಮಸ್ಸು ಬಂತು. ಒಂದು ದಿನ ಫೋನು ಮಾಡಿ, "ಬುಧವಾರ ನೀನೂ ಬಾರೆ. ನಾನು ಜೈಂಟ್ ವೀಲ್ ಹತ್ತಬೇಕು" ಎಂದರು.

"ಈಗ್ಯಾಕೆ ಚಿಕ್ಕಮ್ಮ ಅದೆಲ್ಲ?"

"ಇವ್ರು ಜೀವಮಾನವೆಲ್ಲ ಮೇಲೆ ಕೂತು ಕೆಳಗೆ ನೋಡಿದ್ರು ಕಣೆ. ನಾನೊಂದು ಸಲನಾದ್ರೂ ನೋಡೋದು ಬೇಡ್ವಾ?"

ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿಸಿತು. "ಮೇಲೇನಿದೆ ಮಾರಾಯ್ತಿ? ಕೆಳಗಿರೋದೇ ಸಣ್ಣದಾಗಿ ಕಾಣುತ್ತೆ, ಅಷ್ಟೇ."

"ಸಣ್ಣದಾಗೇ ನೋಡ್ಬೇಕು ನಂಗೆ" ಎಂದರು ಚಿಕ್ಕಮ್ಮ. ನನಗೆ ಆ ಮಾತು ಕೇಳಿ ನಗು ಬಂತು, ಬರುತ್ತೇನೆಂದು ಒಪ್ಪಿಕೊಂಡೆ.

ಬುಧವಾರ ಹೋದೆವು. ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬ್ಯಾಗನ್ನು ನನ್ನ ಕೈಗೆ ಕೊಟ್ಟು ಚಿಕ್ಕಮ್ಮ ಸಾಲಿನಲ್ಲಿ ನಿಂತರು. ಅವರ ಸರದಿ ಬಂದಾಗ ಜೈಂಟ್ ವೀಲ್ ನಡೆಸುವ ಹುಡುಗಿ ಆಧಾರ್ ಕಾರ್ಡು ನೋಡಿ, ಬೋರ್ಡು ತೋರಿಸಿ, ಎದೆಯ ಮೇಲೆ ಕೈಯಿಟ್ಟು, "ನಿಮ್ಮ ದಿನ ಆನಂದಮಯವಾಗಿರಲಿ" ಎಂದಳು. ಚಿಕ್ಕಮ್ಮ ಜಗಳವಾಡಲಿಲ್ಲ. ತಿರುಗಿ ಬಂದು ನನ್ನ ಕೈಯಿಂದ ತಮ್ಮ ಬ್ಯಾಗು ತೆಗೆದುಕೊಂಡು, ಎಂದಿನಂತೆ ಮಡಿಲಲ್ಲಿಟ್ಟುಕೊಂಡು ಕೂತರು. ಅವರು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಶೌಚಾಲಯಕ್ಕೆ ಹೋಗಿಬಂದರು. ಅವರು ಬಂದು ಕೂತಿದ್ದೇ ತಡ, ಕೋಟು ಹಾಕಿದ ಯುವಕನೊಬ್ಬ ಏದುಸಿರು ಬಿಡುತ್ತ ಓಡಿಬಂದ. ಪಾರ್ಕಿನ ಮ್ಯಾನೇಜರ್, ಹುಬ್ಬಳ್ಳಿಯವನು, ಹೆಸರು ಮಂಜುನಾಥ.

"ಅಮ್ಮಾ, ನಮ್ ಕಡಿಂದ ಏನ್ ತಪ್ಪಾತ್ರಿ?"

ಅಲ್ಲಿ ಆಗಿದ್ದು ಇಷ್ಟು. ಶೌಚಾಲಯದ ಬಾಗಿಲಲ್ಲಿ ಒಂದು ಯಂತ್ರವಿದೆ. ಅದರಲ್ಲಿ ನಗುವ ಮುಖ, ಸಪ್ಪೆ ಮುಖ, ಅಳುವ ಮುಖ. ಸ್ವಚ್ಛತೆ ಹೇಗಿತ್ತೆಂದು ಒತ್ತಿ ತಿಳಿಸಬೇಕು. ಚಿಕ್ಕಮ್ಮ ಅಳುವ ಮುಖವನ್ನು ಮತ್ತೆ ಮತ್ತೆ ಒತ್ತಿ ಬಂದಿದ್ದರು. ಒತ್ತಿದಷ್ಟು ಸಲವೂ ಮ್ಯಾನೇಜರನ ಫೋನು ಬಡಿದುಕೊಂಡಿತ್ತು.

"ತಪ್ಪೇನಿಲ್ಲಪ್ಪ, ನಮ್ಮನೆಗಿಂತ ಚೊಕ್ಕಟವಾಗಿದೆ" ಎಂದರು ಚಿಕ್ಕಮ್ಮ. "ಮೂರರಲ್ಲಿ ಅದೊಂದು ಮುಖ ಅಳ್ತಾ ಇತ್ತು, ಪಾಪ. ಸವರಿ ಸಮಾಧಾನ ಮಾಡಿ ಬಂದೆ."

ಮಂಜುನಾಥ ನಮ್ಮ ಬೆಂಚಿನ ಮೇಲೆಯೇ ಧೊಪ್ಪೆಂದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕಂಪನಿ ಬಂದ ಮೇಲೆ ಆ ಪಾರ್ಕಿನ ಕೆಲಸದವರಲ್ಲಿ ಒಬ್ಬರು ನಿಜವಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗು ನಿಂತ ಮೇಲೆ ಚಿಕ್ಕಮ್ಮನ ಆಸೆಯನ್ನು ಅವನಿಗೆ ಹೇಳಿದೆ. ಅವನ ಮುಖ ಬಾಡಿತು.

"ಏನ್ ಮಾಡೂದ್ರಿ ಮೇಡಂ, ಹೆಡ್ ಆಫೀಸಿನ ರೂಲ್ ಐತ್ರಿ. ಬ್ಯಾರೆ ಊರಾಗ ನಮ್ಮ ವೀಲ್ ಇದರ ನಾಕ್ ಪಟ್ ದೊಡ್ಡವು ಅದಾವ್ರಿ. ಅದಕ್ಕ ಮಾಡಿದ ರೂಲ್ ಇದಕ್ಕೂ ಬಂದೈತಿ. ನನ್ನ ಕಷ್ಟ ಕೇಳಿದ್ರ ನೀವ ಅಳ್ತೀರಿ."

ಅವನ ಕಷ್ಟ ಅಲೆಯ ಕೊಳದ್ದು. ಅಲೆ ಏಳುವ ಮೊದಲು ಸೈರನ್ ಕೂಗಿಸುತ್ತಾರೆ. ಕಂಪನಿಯ ಬೇರೆಲ್ಲ ಊರುಗಳಲ್ಲಿ ಸೈರನ್ ಆದೊಡನೆ ಜನ ಕೇಕೆ ಹಾಕಿಕೊಂಡು ನೀರಿಗೆ ನುಗ್ಗುತ್ತಾರಂತೆ. ಇಲ್ಲಿ ಮಾತ್ರ ಬುಧವಾರ ನೀರಿನಲ್ಲಿದ್ದವರೂ ಎದ್ದು ಹೋಗುತ್ತಾರೆ. ಹೆಡ್ ಆಫೀಸಿನವರು ಕ್ಯಾಮೆರಾದಲ್ಲಿ ನೋಡಿ ವಾರವಾರವೂ ಕಾರಣ ಕೇಳುತ್ತಿದ್ದರು. ನೀರು ಬದಲಾಯಿಸಿದ್ದಾಯಿತು, ಬಣ್ಣ ಬಳಿಸಿದ್ದಾಯಿತು. ಈಗ ಕೊನೆಯ ಮಾತು ಬಂದಿತ್ತು: ಅಲೆಯ ಕೊಳ ತುಂಬದಿದ್ದರೆ ಮ್ಯಾನೇಜರ್ ಬದಲಾಗಬೇಕು.

ಅವನು ಹೇಳಿ ಮುಗಿಸುವಷ್ಟರಲ್ಲಿ ಹನ್ನೆರಡರ ಸೈರನ್ ಮೊಳಗಿತು. ನೀರಲ್ಲಿ ಕಾಲು ಬಿಟ್ಟಿದ್ದ ಹಿರಿಯರೆಲ್ಲ ಒಟ್ಟಿಗೆ ಎದ್ದರು, ಪ್ಯಾಂಟಿನ ಮಡಿಕೆ ಬಿಚ್ಚಿದರು, ಕ್ಯಾಂಟೀನಿನ ಕಡೆಗೆ ಸಾಲು ಹಿಡಿದರು. ಮುಂದೆ ಚಿಕ್ಕಪ್ಪನ ಹಳೆಯ ಜೊತೆಗಾರ ಖಾದರ್ ಸಾಹೇಬರು. ಅತ್ತ ಖಾಲಿ ಕೊಳದಲ್ಲಿ ಅಲೆಗಳು ತಮ್ಮಷ್ಟಕ್ಕೆ ತಾವೇ ಎದ್ದು ಬಿದ್ದು ಮಾಡುತ್ತಿದ್ದವು.

"ನೋಡ್ರಿ, ಹೊಂಟ್ರು!" ಎಂದು ಮಂಜುನಾಥ ತಲೆಯ ಮೇಲೆ ಕೈಹೊತ್ತ. "ಮಧ್ಯಾಹ್ನ ಹಿಂಗ. ಮೂರರ ಸೈರನ್ನಿಗೆ ಗೇಟ್ ದಾಟಿ ಮನಿಗೇ ಹೋಗಿಬಿಡ್ತಾರ್ರಿ."

ನಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದ ಚಿಕ್ಕಪ್ಪನೂ ಅಷ್ಟರಲ್ಲಿ ಅರ್ಧ ಎದ್ದಿದ್ದರು. ಯಾಕೆ ಎದ್ದಿರಿ ಎಂದರೆ ಮಿಕಿಮಿಕಿ ನೋಡಿ, "ಸೈರನ್ ಆಯ್ತಲ್ಲ" ಎಂದರು.

ಹುಬ್ಬಳ್ಳಿಯವನಿಗೆ ಇದು ಹೇಗೆ ಅರ್ಥವಾಗಬೇಕು? ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಗಡಿಯಾರ ಗೋಡೆಯ ಅಲಂಕಾರಕ್ಕೆ ಇತ್ತು. ಬೆಳಗಿನ ಸೈರನ್ನಿಗೆ ನೀರೊಲೆ, ಮಧ್ಯಾಹ್ನದ ಸೈರನ್ನಿಗೆ ಅನ್ನ, ಮೂರರ ಸೈರನ್ನಿಗೆ ಕಾಫಿಗೆ ನೀರು. ಅಪ್ಪ ಬರುವ ಹೊತ್ತೆಂದು ಮಕ್ಕಳು ಪುಸ್ತಕ ಹಿಡಿಯುತ್ತಿದ್ದದ್ದೂ ಸೈರನ್ ಕೇಳಿಯೇ. ತಮಿಳಿನವರು, ತೆಲುಗಿನವರು, ಸಾಬರು, ನಮ್ಮವರು, ಎಲ್ಲರ ಮನೆಯ ಮಾತು ಬೇರೆಯಿದ್ದರೂ ಹಸಿವಿನ ಹೊತ್ತು ಒಂದೇ ಆಗಿತ್ತು. ಒಂದು ಜೀವಮಾನದ ಆಡಳಿತ ಕಲಿಸಿದ್ದನ್ನು ಮೊನ್ನೆ ಬಂದ ಆಡಳಿತ ಅಳಿಸುವುದು ಹೇಗೆ? ನಾನು ಬೋರ್ಡಿನ ಮೇಲೆ ಎಳೆಯುತ್ತಿದ್ದ ಬಾಣಗಳಲ್ಲಿ ಒಂದೂ ಈ ಕಡೆಗೆ ತೋರಿಸುತ್ತಿರಲಿಲ್ಲ. ಆದರೂ ಹಳೇ ಚಾಳಿ, ಗಂಟಲು ಸರಿಮಾಡಿಕೊಂಡು ಮಂಜುನಾಥನಿಗೆ ಸಂವಹನದ ಅಡೆತಡೆಗಳು ಎಂಬ ಪಾಠ ಶುರುಮಾಡಿದೆ.

ಚಿಕ್ಕಮ್ಮನಿಗೆ ಅಷ್ಟು ತಾಳ್ಮೆ ಇರಲಿಲ್ಲ. "ಜನ ಕರೆಯೋಕೆ ಯಂತ್ರ ಯಾಕಪ್ಪ? ಬಾಯಲ್ಲಿ ಕರೀಬಾರ್ದಾ?" ಎಂದು ಎದ್ದು ನಿಂತರು. ಕ್ವಾರ್ಟರ್ಸಿನ ಈ ತುದಿಯಿಂದ ಆ ತುದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಊಟಕ್ಕೆ ಕರೆದ ಗಂಟಲು ಅದು.

"ಖಾದರ್ ಸಾಹೇಬ್ರೇ! ಎಲ್ಲಿಗೆ ಹೊರಟ್ರಿ? ಊಟ ಎಲ್ಲೂ ಓಡಿಹೋಗಲ್ಲ. ಅಲೆ ಬಂದಿದೆ, ನೀರಿಗಿಳೀರಿ ಎಲ್ಲಾ!"

ಸಾಲು ಗಕ್ಕನೆ ನಿಂತಿತು. ಆ ಹಿರಿಯರ ಬದುಕಿನಲ್ಲಿ ಸೈರನ್ನಿಗಿಂತ ದೊಡ್ಡ ಅಪ್ಪಣೆ ಒಂದೇ ಇತ್ತು, ಮನೆಯೊಳಗಿಂದ ಬರುವುದು. ಒಬ್ಬೊಬ್ಬರಾಗಿ ತಿರುಗಿದರು, ಮತ್ತೆ ಪ್ಯಾಂಟು ಮಡಚಿದರು. ಮೊದಲ ಅಲೆ ಖಾದರ್ ಸಾಹೇಬರ ಮೊಣಕಾಲಿಗೆ ಬಡಿದಾಗ ಅವರು ಹಾಕಿದ ಕೇಕೆಗೆ ಜೈಂಟ್ ವೀಲ್ ಸಾಲಿನಲ್ಲಿದ್ದ ಕಾಲೇಜು ಹುಡುಗರೂ ಬೆಚ್ಚಿ ತಿರುಗಿ ನೋಡಿದರು. ಮಂಜುನಾಥ ಬಾಯಿ ತೆರೆದು ನಿಂತಿದ್ದ. ನನ್ನ ಪಾಠ ಅಲ್ಲಿಗೇ ನಿಂತಿತು, ಯಾರೂ ಗಮನಿಸಲಿಲ್ಲ.

ಮುಂದಿನ ಬುಧವಾರ ಗುಂಡಣ್ಣನವರ ಹಳೆಯ ಮೈಕು ಗೋದಾಮಿನಿಂದ ಹೊರಗೆ ಬಂತು. ಅಲೆಗೆ ಕರೆಯುವುದು ಸೈರನ್ ಅಲ್ಲ, ಚಿಕ್ಕಮ್ಮ. ಸೈರನ್ ಇನ್ನು ಊಟಕ್ಕೆ ಮಾತ್ರ. ಮಂಜುನಾಥ ಅವರನ್ನು ಕಂಪನಿಯ ತಾತ್ಕಾಲಿಕ ಕೆಲಸಕ್ಕೆ ಸೇರಿಸಿಕೊಂಡು, ಕೊರಳಿಗೆ ಗುರುತಿನ ಚೀಟಿ ಹಾಕಿದ. ಎದೆಯ ಮೇಲೆ ಕೈಯಿಟ್ಟು ಹೇಳಬೇಕಾದ ಮಾತನ್ನು ಅವರಿಗೂ ಕಲಿಸಲು ನೋಡಿ ಸೋತ. "ಆನಂದ ಅವರವರು ನೋಡ್ಕೋತಾರೆ. ನೀನು ಮೊದಲು ಊಟ ಮಾಡ್ದೇನಪ್ಪ?" ಎಂದುಬಿಟ್ಟರು ಚಿಕ್ಕಮ್ಮ. ಮೈಕಿನಲ್ಲಿ ಅವರು ಕರೆಯುವ ರೀತಿಗೆ ಶಿವಮೊಗ್ಗದಿಂದಲೂ ಜನ ಬರತೊಡಗಿದರು. "ಕೆಂಪು ಟೋಪಿ ಮಗಾ, ಅಜ್ಜನ ಕೈ ಬಿಡ್ಬೇಡ. ಕನ್ನಡಕದವ್ರೇ, ಕನ್ನಡಕ ತೆಗೆದು ಹೆಂಡತಿ ಕೈಗೆ ಕೊಡಿ. ಬೇಡ, ಜೇಬಲ್ಲೇ ಇಟ್ಕೊಳ್ಳಿ, ಅವ್ರೂ ನೀರಿಗಿಳೀಲಿ." ಕೊಳ ತುಂಬಿತು. ಹೆಡ್ ಆಫೀಸು ಮಂಜುನಾಥನನ್ನು ಮೆಚ್ಚಿ, ಈ ವಿಧಾನವನ್ನು ಉಳಿದ ಪಾರ್ಕುಗಳಿಗೂ ಕಳಿಸಿಕೊಡಿ ಎಂದಿತು. ಚಿಕ್ಕಮ್ಮನನ್ನು ಹೇಗೆ ಕಳಿಸುವುದೆಂದು ಅವನು ಇನ್ನೂ ಯೋಚಿಸುತ್ತಿದ್ದಾನೆ.

ಇಷ್ಟಾದರೂ ನನ್ನ ಮನಸ್ಸು ಮಾತ್ರ ಕಸಿವಿಸಿಗೊಳ್ಳುತ್ತಲೇ ಇತ್ತು. ಎಲ್ಲರನ್ನೂ ನೀರಿಗೆ ಕರೆಯುವ ಚಿಕ್ಕಮ್ಮ ಮೈಕು ಕೆಳಗಿಟ್ಟ ಮೇಲೆ ಬೆಂಚಿಗೆ ಬಂದು, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಜೈಂಟ್ ವೀಲ್ ಸುತ್ತುವುದನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಕಣ್ಣಲ್ಲೇ ಹಿಂಬಾಲಿಸುತ್ತಿದ್ದರು. ಮತ್ತೆ ಕೇಳಲಿಲ್ಲ.

ಒಂದು ಬುಧವಾರ ಊಟದ ಹೊತ್ತಿಗೆ ಮುಂಚೆ ಮಂಜುನಾಥ ಬಂದು ಅವರೆದುರು ನಿಂತ. ಜೊತೆಗೆ ಬಿಪಿ ನೋಡುವ ಪೆಟ್ಟಿಗೆ ಹಿಡಿದ ನರ್ಸು. ಬಿಪಿ ನೋಡಿದ್ದಾಯಿತು; ನನ್ನದಕ್ಕಿಂತ ಚೆನ್ನಾಗಿತ್ತು. ಮಂಜುನಾಥ ಕೋಟಿನ ಗುಂಡಿ ಹಾಕಿಕೊಂಡು, ಕಂಪನಿಯ ದನಿಯಲ್ಲಿ ಹೇಳಿದ.

"ಅಮ್ಮಾ, ಅರವತ್ತೈದರ ರೂಲ್ ಐತಲ್ರಿ, ಅದು ವಿಸಿಟರ್ಸಿಗೆ. ನೀವೀಗ ಸ್ಟಾಫ್. ಊಟಕ್ಕ ಮುಂಚೆ ವೀಲ್ ಒಂದ್ ಟೆಸ್ಟ್ ರೌಂಡ್ ತಿರಗಬೇಕು, ಒಳಗ ಸ್ಟಾಫ್ ಕುಂದರಬೇಕು. ಇದೂ ಹೆಡ್ ಆಫೀಸಿನ ರೂಲೇ ಐತ್ರಿ. ಏಳ್ರಿ, ಡ್ಯೂಟಿ."

ನಾನು ಪಾಠ ಮಾಡಿದ ಆ ಐದೂ ಶಬ್ದಗಳನ್ನು ಅಂದು ಒಬ್ಬ ಮನುಷ್ಯ ಒಟ್ಟಿಗೆ ಬಳಸಿದ್ದನ್ನು ಕಣ್ಣಾರೆ ಕಂಡೆ. ಚಪ್ಪಾಳೆ ತಟ್ಟಬೇಕೆನಿಸಿತು. ಅದರ ಬದಲು, ಅಭ್ಯಾಸಬಲದಿಂದ, ಚಿಕ್ಕಮ್ಮನ ಬ್ಯಾಗಿಗಾಗಿ ಕೈ ಚಾಚಿದೆ. ಚಿಕ್ಕಮ್ಮ ನನ್ನ ಕೈಯನ್ನು ನೋಡಿದರು, ಅಲ್ಲೇ ನಿಂತಿದ್ದ ಚಿಕ್ಕಪ್ಪನನ್ನು ನೋಡಿದರು, ನೇರವಾಗಿ ಹೋಗಿ ಬ್ಯಾಗನ್ನು ಅವರ ಕೈಯಲ್ಲಿಟ್ಟರು.

"ಹಿಡ್ಕೊಳ್ರೀ. ಒಳಗೆ ನನ್ನ ಮಾತ್ರೆ, ಮನೆ ಬೀಗದ ಕೈ ಇದೆ. ಎಲ್ಲಿಗೂ ಏಳ್ಬೇಡಿ."

ಚಿಕ್ಕಪ್ಪನಿಗೆ ಬ್ಯಾಗು ಹಿಡಿದು ಗೊತ್ತಿಲ್ಲ. ಹೆಗಲಿಗೆ ಹಾಕಿ ನೋಡಿದರು, ಕಂಕುಳಲ್ಲಿಟ್ಟು ನೋಡಿದರು, ಕೊನೆಗೆ ನನ್ನ ಪಕ್ಕ ಬೆಂಚಿನ ಮೇಲೆ ಕೂತು ಮಡಿಲಲ್ಲಿಟ್ಟು ಎರಡೂ ಕೈಯಿಂದ ಭದ್ರವಾಗಿ ಹಿಡಿದುಕೊಂಡರು. ಜೈಂಟ್ ವೀಲ್ ನಿಧಾನವಾಗಿ ಹೊರಟಿತು. ಖಾಲಿ ತೊಟ್ಟಿಲುಗಳ ನಡುವೆ ಒಂದೇ ಒಂದು ಸೀರೆ ಮೇಲಕ್ಕೇರಿತು. ನಾನೂ ತಲೆಯೆತ್ತಿ ನೋಡಿದೆ, ಕಣ್ಣು ಕೀಳಲಿಲ್ಲ. ತುದಿ ಮುಟ್ಟಿದಾಗ, ಮೈಕಿನ ಹಂಗಿಲ್ಲದ ಆ ದನಿ ಪಾರ್ಕಿಗೆಲ್ಲ ಕೇಳಿಸಿತು.

"ರೀ! ನೀವು ಎಷ್ಟು ಸಣ್ಣಗೆ ಕಾಣ್ತಿದ್ದೀರ್ರೀ!"

ಅಷ್ಟರಲ್ಲಿ ಊಟದ ಸೈರನ್ ಆಯಿತು. ಕೊಳದ ದಡದಿಂದ ಹಿರಿಯರೆಲ್ಲ ಎದ್ದು ಸಾಲು ಹಿಡಿದರು. ನಮ್ಮ ಬೆಂಚು ದಾಟುವಾಗ ಖಾದರ್ ಸಾಹೇಬರು ನಿಂತು, "ಸೈರನ್ ಆಯ್ತು ರುದ್ರಣ್ಣ, ಬರಲ್ವಾ?" ಎಂದರು.

ಚಿಕ್ಕಪ್ಪ ಅವರ ಕಡೆ ತಿರುಗಲಿಲ್ಲ. ತಲೆಯೆತ್ತಿ ಮೇಲೆಯೇ ನೋಡುತ್ತಿದ್ದರು. ಬಾಯಿ ತುಸು ತೆರೆದಿತ್ತು, ಮುಖದ ತುಂಬ ನಗು.

"ನೀವೆಲ್ಲ ಹೋಗ್ಬನ್ನಿ" ಎಂದರು. "ಬ್ಯಾಗು ನಾನು ನೋಡ್ಕೋತೀನಿ."

ನಾನು ತುಸು ಸರಿದು ಅವರಿಗೆ ಬೆಂಚಿನಲ್ಲಿ ಆರಾಮವಾಗಿ ಕೂರಲು ಜಾಗ ಮಾಡಿಕೊಟ್ಟೆ.